ಮೀಟರ್ ತೋರಿಸುವುದು ಮಿಲಿವೋಲ್ಟ್, ಉತ್ತರವನ್ನಲ್ಲ

ಮಾನ್ಯ ಸಂಪಾದಕರೇ,

ಕಾಲೇಜು ಪ್ರಯೋಗಾಲಯಗಳನ್ನು ಮೇಲ್ದರ್ಜೆಗೆ ಏರಿಸುವ ಚರ್ಚೆ ಎದ್ದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಬಣ್ಣ ನೋಡಿ ಮಾಡುವ ಟೈಟ್ರೇಶನ್ (ಸಾರತೆ ಗೊತ್ತಿರುವ ದ್ರಾವಣವನ್ನು ಕ್ರಿಯೆ ಮುಗಿಯುವವರೆಗೆ ಬಿಟ್ಟು ಮಾದರಿಯಲ್ಲಿ ಏನು ಎಷ್ಟಿದೆ ಎಂದು ಅಳೆಯುವುದು) ಹಳೇ ಕಾಲದ್ದು, ಕಣ್ಣು ಮೋಸ ಹೋಗುತ್ತದೆ, ಮೀಟರ್ ಮೋಸ ಹೋಗುವುದಿಲ್ಲ, ಆದ್ದರಿಂದ ಎಲ್ಲ ಕಡೆ ಪೊಟೆನ್ಶಿಯೋಮೀಟರ್, ಅಂದರೆ ವೋಲ್ಟೇಜ್ ಅಳೆಯುವ ಮೀಟರ್, ತಂದಿಡಿ ಎಂಬುದು ಆ ಮಾತು. ಕಣ್ಣು ಮೋಸ ಹೋಗುತ್ತದೆ ಎಂಬುದರಲ್ಲಿ ತಕರಾರಿಲ್ಲ. ಮೀಟರ್ ಮೋಸ ಹೋಗುವುದಿಲ್ಲ ಎಂಬುದನ್ನು ಮಾತ್ರ ಒಪ್ಪಲಾಗದು. ಬಣ್ಣದ ಬದಲು ವೋಲ್ಟೇಜ್ ನೋಡಿ ಮಾಡುವ ಪೊಟೆನ್ಶಿಯೋಮೆಟ್ರಿಕ್ ಟೈಟ್ರೇಶನ್ ನೀಗಿಸುವುದು ಕಣ್ಣಿನ ತೊಂದರೆಯನ್ನು ಮಾತ್ರ. ದ್ರಾವಣವನ್ನು ಅಳೆದು ಬಿಡುವ ಗಾಜಿನ ಕೊಳವೆಯಾದ ಬ್ಯುರೆಟ್‌ನ ತಪ್ಪು, ದ್ರಾವಣದ ತಪ್ಪು, ರಾಸಾಯನಿಕ ಕ್ರಿಯೆಯ ಮಿತಿ ಎಲ್ಲವೂ ಇದ್ದಲ್ಲೇ ಇರುತ್ತವೆ. ಮೇಲಾಗಿ ಎಲೆಕ್ಟ್ರೋಡ್‌ನ ತಂಟೆಗಳೂ ಬಂದು ಸೇರಿಕೊಳ್ಳುತ್ತವೆ.

ವಿಧಾನವೇನೂ ಹೊಸದಲ್ಲ. 1893ರಷ್ಟು ಹಿಂದೆಯೇ ಜರ್ಮನಿಯ ಲೈಪ್‌ಜಿಗ್‌ನಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ಬೆಹ್ರೆಂಡ್ ಪಾದರಸದ ಎಲೆಕ್ಟ್ರೋಡ್ ಇಟ್ಟುಕೊಂಡು ಮರ್ಕ್ಯುರಸ್ ನೈಟ್ರೇಟ್ ದ್ರಾವಣವನ್ನು ಕ್ಲೋರೈಡ್, ಬ್ರೋಮೈಡ್, ಅಯೋಡೈಡ್‌ಗಳೊಂದಿಗೆ ಟೈಟ್ರೇಟ್ ಮಾಡಿ ತೋರಿಸಿದ್ದ. ಇವತ್ತಿಗೂ ಏರ್ಪಾಡು ಅದೇ: ದ್ರಾವಣದ ಬದಲಾವಣೆಗೆ ಸ್ಪಂದಿಸುವ ಒಂದು ಸೂಚಕ ಎಲೆಕ್ಟ್ರೋಡ್, ಅಲುಗಾಡದೆ ನಿಲ್ಲುವ ಒಂದು ರೆಫರೆನ್ಸ್ ಎಲೆಕ್ಟ್ರೋಡ್, ನಡುವಿನ ವೋಲ್ಟೇಜ್ ಅಳೆಯುವ ಮೀಟರ್. ಬ್ಯುರೆಟ್‌ನಿಂದ ದ್ರಾವಣ ಬಿಡುತ್ತಾ ಹೋದಂತೆ ವೋಲ್ಟೇಜ್ ನಿಧಾನವಾಗಿ ಬದಲಾಗುತ್ತದೆ, ಕ್ರಿಯೆ ಮುಗಿಯುವ ಹಂತದಲ್ಲಿ, ಅಂದರೆ ಅಂತ್ಯಬಿಂದುವಿನಲ್ಲಿ, ಒಮ್ಮೆಗೇ ಜಿಗಿಯುತ್ತದೆ. ಆ ಜಿಗಿತ ಎಷ್ಟು ಮಿಲಿ ಲೀಟರಿಗೆ ಬಂತು ಎಂಬುದಷ್ಟೇ ಬೇಕಾದದ್ದು.

ಈ ವಿಧಾನದ ನಿಜವಾದ ಬಲ ಇರುವುದು ಇಲ್ಲೇ, ಹೆಚ್ಚಿನವರು ಗಮನಿಸದಿರುವುದೂ ಇದನ್ನೇ. ಪಾವಗಡ, ಕೋಲಾರದ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಫ್ಲೋರೈಡ್ ಎಲೆಕ್ಟ್ರೋಡ್ ಮುಳುಗಿಸಿ ನೇರವಾಗಿ ಅಳೆಯುವಾಗ ಮೀಟರಿನ ಪ್ರತಿ ಮಿಲಿವೋಲ್ಟೂ ಲೆಕ್ಕಕ್ಕೆ ಬರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫ್ಲೋರೈಡಿನ ಸಾರತೆ (ಲೀಟರಿಗೆ ಎಷ್ಟಿದೆ ಎಂಬ ಪ್ರಮಾಣ) ಹತ್ತುಪಟ್ಟಾದರೆ ವೋಲ್ಟೇಜ್ ಬದಲಾಗುವುದು ಬರೀ 59.2 ಮಿಲಿವೋಲ್ಟ್. ಹಾಗಾಗಿ 1 ಮಿಲಿವೋಲ್ಟ್ ಹೆಚ್ಚುಕಡಿಮೆಯಾದರೆ ಉತ್ತರದಲ್ಲಿ ಶೇ 4ರಷ್ಟು ವ್ಯತ್ಯಾಸ. ಲೀಟರಿಗೆ 1.5 ಮಿಲಿಗ್ರಾಂ ಇರುವ ನೀರು 2 ಮಿಲಿವೋಲ್ಟ್ ತಪ್ಪಿನಿಂದ 1.39 ಎಂದೋ 1.62 ಎಂದೋ ಕಾಣಿಸಬಹುದು. ಒಂದು ಕುಡಿಯಬಹುದಾದ ನೀರು, ಇನ್ನೊಂದು ಮಿತಿ ಮೀರಿದ ನೀರು! ಟೈಟ್ರೇಶನ್‌ನಲ್ಲಿ ಈ ಕಾಟವಿಲ್ಲ. ರೆಫರೆನ್ಸ್ ಎಲೆಕ್ಟ್ರೋಡ್ ಹಳೆಯದಾಗಿ 15 ಮಿಲಿವೋಲ್ಟ್ ಆಚೀಚೆಯಾಗಿದ್ದರೂ ಎಲ್ಲ ರೀಡಿಂಗ್‌ಗಳೂ ಒಂದೇ ಸಮ ಸರಿಯುತ್ತವೆ, ಜಿಗಿತ ಬರುವ ಮಿಲಿ ಲೀಟರ್ ಮಾತ್ರ ಬದಲಾಗುವುದಿಲ್ಲ. ಎಲೆಕ್ಟ್ರೋಡ್ ಸತ್ಯ ಹೇಳಬೇಕೆಂದಿಲ್ಲ, ಹೇಳಿದ್ದನ್ನೇ ಕೊನೆತನಕ ಹೇಳಿದರೆ ಸಾಕು.

ಎರಡನೆಯ ಬಲ ಎಲ್ಲರಿಗೂ ಗೊತ್ತಿರುವಂಥದ್ದು, ಬಣ್ಣದ ಹಂಗಿಲ್ಲದಿರುವುದು. ಕರಾವಳಿ, ಮಲೆನಾಡಿನ ಪುನರ್ಪುಳಿ ಸಾರವನ್ನು ಫಿನಾಫ್ಥಲೀನ್ ಎಂಬ ಬಣ್ಣದ ಸೂಚಕ ಹಾಕಿ ಟೈಟ್ರೇಟ್ ಮಾಡಲು ಹೊರಟರೆ ನಸುಗೆಂಪು ಎಲ್ಲಿ ಮೂಡಿತೆಂದು ದೇವರೇ ಹೇಳಬೇಕು. ರಸವೇ ಕಡುಗೆಂಪು. ಅದರೊಳಗಿನ ಆಂಥೊಸಯನಿನ್ ಎಂಬ ಬಣ್ಣದ ಅಂಶವೂ ಪಿಎಚ್ (ಆಮ್ಲ, ಕ್ಷಾರಗಳ ಅಳತೆ) ಏರಿದಂತೆ ತಾನೇ ಬಣ್ಣ ಬದಲಿಸುತ್ತದೆ. ಕಾಫಿ ಡಿಕಾಕ್ಷನ್, ಟೊಮೆಟೊ ರಸ, ಬಣ್ಣದ ಕಾರ್ಖಾನೆಯ ತ್ಯಾಜ್ಯ ನೀರು, ಕೆಸರು ಕದಡಿದ ಮಾದರಿ ಎಲ್ಲದರ ಕತೆಯೂ ಇಷ್ಟೇ. ಪಿಎಚ್ ಅಳೆಯುವ ಗಾಜಿನ ಎಲೆಕ್ಟ್ರೋಡ್‌ಗೆ ಇದ್ಯಾವುದರ ಗೊಡವೆಯಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. ಹಣ್ಣಿನ ರಸದ ಆಮ್ಲೀಯತೆಯನ್ನು ಸಾಮಾನ್ಯವಾಗಿ ಜಿಗಿತ ಹುಡುಕಿ ಅಳೆಯುವುದಿಲ್ಲ, ಪಿಎಚ್ 8.1 ಅಥವಾ 8.2 ಮುಟ್ಟುವವರೆಗೆ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ನಿಲ್ಲಿಸುತ್ತಾರೆ. ಹೀಗೆ ಒಂದು ನಿಗದಿತ ಪಿಎಚ್‌ಗೆ ನಿಲ್ಲಿಸುವಾಗ ಮೇಲೆ ಹೇಳಿದ ಮೊದಲ ಬಲ ಕೈಬಿಟ್ಟುಹೋಗುತ್ತದೆ, ಮೀಟರಿನ ಅಂಕಿಯೇ ತೀರ್ಪಾಗುತ್ತದೆ. ಅಲ್ಲಿ ಅಂದಂದೇ ಪಿಎಚ್ 7 ಮತ್ತು 9.18ರ ಬಫರ್‌ಗಳಲ್ಲಿ (ಪಿಎಚ್ ಗೊತ್ತಿರುವ ದ್ರಾವಣಗಳಲ್ಲಿ) ಮೀಟರ್ ಸರಿಹೊಂದಿಸದೆ ಕೆಲಸ ಶುರು ಮಾಡಬಾರದು.

ಇನ್ನು, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ಪ್ರಯೋಗಾಲಯದಲ್ಲಿ ಸಾವಿರಾರು ವಿದ್ಯಾರ್ಥಿಗಳು ಮಾಡುವ ಪ್ರಯೋಗವನ್ನೇ ನೋಡೋಣ: ಫೆರಸ್ ಅಮೋನಿಯಂ ಸಲ್ಫೇಟ್, ಅಂದರೆ ಎಫ್‌ಎಎಸ್ ದ್ರಾವಣವನ್ನು ಪೊಟ್ಯಾಸಿಯಂ ಡೈಕ್ರೋಮೇಟ್‌ನಿಂದ ಟೈಟ್ರೇಟ್ ಮಾಡುವುದು. 25 ಮಿಲಿ ಲೀಟರ್ ಎಫ್‌ಎಎಸ್ ಅನ್ನು ಪಿಪೆಟ್‌ನಲ್ಲಿ ಬೀಕರಿಗೆ ತೆಗೆದುಕೊಂಡು, ಒಂದು ಟೆಸ್ಟ್‌ಟ್ಯೂಬಿನಷ್ಟು ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಪ್ಲಾಟಿನಂ (ಸೂಚಕ) ಮತ್ತು ಕ್ಯಾಲಮೆಲ್ (ರೆಫರೆನ್ಸ್) ಎಲೆಕ್ಟ್ರೋಡ್‌ಗಳನ್ನು ಇಳಿಬಿಟ್ಟು, ಪುಟ್ಟ ಬ್ಯುರೆಟ್‌ನಿಂದ 0.5 ನಾರ್ಮಲ್ (ಸಾರತೆಯ ಒಂದು ಅಳತೆ) ಡೈಕ್ರೋಮೇಟನ್ನು 0.5 ಮಿಲಿ ಲೀಟರಿನಂತೆ ಬಿಡುತ್ತಾ ಹೋಗುವುದು ರೂಢಿ. ರೆಕಾರ್ಡ್ ಪುಸ್ತಕಗಳಲ್ಲಿ ಆರಂಭದಿಂದ ಅಂತ್ಯದವರೆಗೆ ಇದೇ 0.5ರ ಹೆಜ್ಜೆ ಕಾಣುತ್ತದೆ. ಎಡವಟ್ಟಾಗುವುದು ಇಲ್ಲಿ.

ಉದಾಹರಣೆಗೆ 5.0 ಮಿಲಿ ಲೀಟರಿಗೆ 516 ಮಿಲಿವೋಲ್ಟ್, 5.5ಕ್ಕೆ 812 ಮಿಲಿವೋಲ್ಟ್ ಬಂತೆನ್ನೋಣ. ವೋಲ್ಟೇಜ್ ಬದಲಾಗುವ ವೇಗದ ಗ್ರಾಫಿನಲ್ಲಿ ಸೊಗಸಾದ ಶಿಖರ ಮೂಡುತ್ತದೆ, ಅದರ ತುದಿ ಆ ಎರಡರ ನಡುಮಧ್ಯೆ, 5.25ಕ್ಕೆ. ನಿಜಕ್ಕೂ ಗೊತ್ತಾಗಿರುವುದು ಅಂತ್ಯಬಿಂದು 5.0 ಮತ್ತು 5.5ರ ನಡುವೆ ಎಲ್ಲೋ ಇದೆ ಎಂಬುದಷ್ಟೆ. ಅದು 5.05ರಲ್ಲಿ ಇದ್ದಿದ್ದರೂ ಗ್ರಾಫ್ 5.25 ಎಂದೇ ಹೇಳುತ್ತಿತ್ತು, ಶೇ 4ರಷ್ಟು ತಪ್ಪು. ಅದೇ ಜಾಗವನ್ನು 0.1ರ ಹೆಜ್ಜೆಯಲ್ಲಿ ದಾಟಿದರೆ ಚಿತ್ರವೇ ಬೇರೆ: 5.0ಕ್ಕೆ 516, 5.1ಕ್ಕೆ 530, 5.2ಕ್ಕೆ 556, 5.3ಕ್ಕೆ 742, 5.4ಕ್ಕೆ 798, 5.5ಕ್ಕೆ 812. ಪಕ್ಕಪಕ್ಕದ ವ್ಯತ್ಯಾಸಗಳು 14, 26, 186, 56, 14. ಆ ವ್ಯತ್ಯಾಸಗಳ ವ್ಯತ್ಯಾಸ 5.2ರಲ್ಲಿ ಕೂಡು 160, 5.3ರಲ್ಲಿ ಕಳೆ 130. ಅದು ಸೊನ್ನೆ ದಾಟುವ ಜಾಗವೇ ಅಂತ್ಯಬಿಂದು: 5.2 ಕೂಡಿಸು 0.1 ಗುಣಿಸು 160 ಭಾಗಿಸು 290, ಅಂದರೆ 5.255 ಮಿಲಿ ಲೀಟರ್. ಇಲ್ಲಿಂದ ಎಫ್‌ಎಎಸ್‌ನ ನಾರ್ಮಾಲಿಟಿ 0.1051, ಲೀಟರಿಗೆ ಸುಮಾರು 41.2 ಗ್ರಾಂ ಲವಣ, 5.87 ಗ್ರಾಂ ಕಬ್ಬಿಣ. ಗ್ರಾಫ್ ಹಾಳೆಯೂ ಬೇಡ, ಕ್ಯಾಲ್ಕುಲೇಟರ್ ಸಾಕು.

ಹಾಗೆಂದು ಮೊದಲ ಹನಿಯಿಂದಲೇ 0.1ರ ಹೆಜ್ಜೆ ಇಡುತ್ತಾ ಕೂರಬೇಕಾಗಿಲ್ಲ. ಮೊದಲು ಒಂದು ಒರಟು ಟೈಟ್ರೇಶನ್ ಮಾಡಿ ಜಿಗಿತದ ಜಾಗ ಪತ್ತೆ ಮಾಡಿಕೊಳ್ಳಬೇಕು. ಎರಡನೆಯ ಸಲ ಅದಕ್ಕೆ ಅರ್ಧ ಮಿಲಿ ಲೀಟರ್ ಈಚೆಯವರೆಗೆ ಒಂದೇ ಸಲಕ್ಕೆ ಬಿಟ್ಟು, ಅಲ್ಲಿಂದ 0.1ರಂತೆ ಸಮ ಹೆಜ್ಜೆಯಲ್ಲಿ ಹೋಗಬೇಕು. ಹೆಜ್ಜೆ ಸಮವಿದ್ದರೆ ಮೇಲಿನ ಲೆಕ್ಕ ಸಲೀಸು. ಇನ್ನೊಂದು ಸೂಕ್ಷ್ಮವಿದೆ. ಒಟ್ಟು ಬಳಕೆಯೇ 5 ಮಿಲಿ ಲೀಟರ್ ಆದಾಗ ಬ್ಯುರೆಟ್ ಓದುವಲ್ಲಿ 0.05ರ ತಪ್ಪೆಂದರೆ ಶೇ 1. ಡೈಕ್ರೋಮೇಟನ್ನು 0.1 ನಾರ್ಮಲ್‌ಗೆ ಇಳಿಸಿ 50 ಮಿಲಿ ಲೀಟರಿನ ಬ್ಯುರೆಟ್ ಬಳಸಿದರೆ 26 ಮಿಲಿ ಲೀಟರ್ ಬೇಕಾಗುತ್ತದೆ, ಅದೇ ತಪ್ಪು ಶೇ 0.2ಕ್ಕೆ ಇಳಿಯುತ್ತದೆ. ಸಾವಿರಾರು ರೂಪಾಯಿಯ ಮೀಟರಿಗಿಂತ ಈ ಒಂದು ಬದಲಾವಣೆ ಫಲಿತಾಂಶವನ್ನು ಹೆಚ್ಚು ಸುಧಾರಿಸುತ್ತದೆ ಎಂದರೆ ಹುಬ್ಬೇರಿಸುವವರೇ ಹೆಚ್ಚು.

ಡೈಕ್ರೋಮೇಟ್ ವಿಚಾರದಲ್ಲಿ ತಾಳ್ಮೆಯೂ ಬೇಕು. ಕಬ್ಬಿಣದ ಎರಡು ರೂಪಗಳಾದ ಫೆರಸ್–ಫೆರಿಕ್ ಜೋಡಿ ಪ್ಲಾಟಿನಂ ಮೇಲೆ ಚುರುಕಾಗಿ ಸ್ಪಂದಿಸುತ್ತದೆ, ಡೈಕ್ರೋಮೇಟ್–ಕ್ರೋಮಿಕ್ ಜೋಡಿ ಹಾಗಲ್ಲ, ಅದು ಜಡ. ಆದ್ದರಿಂದ ಅಂತ್ಯಬಿಂದುವಿನ ಹತ್ತಿರ ಮತ್ತು ಆಚೆ ರೀಡಿಂಗ್ ತೆವಳುತ್ತಾ ಏರುತ್ತದೆ. ಹನಿ ಬಿದ್ದ ಕೂಡಲೇ ಬರೆದುಕೊಂಡರೆ ಜಿಗಿತ ಮುಂದಕ್ಕೆ ಹೋಗಿ ಕೂರುತ್ತದೆ. ಹತ್ತು ಸೆಕೆಂಡಿನಲ್ಲಿ 1 ಮಿಲಿವೋಲ್ಟಿಗಿಂತ ಹೆಚ್ಚು ಸರಿಯದ ತನಕ ಕಾಯಬೇಕು, ಕೆಲವೊಮ್ಮೆ ಅರ್ಧ ನಿಮಿಷ ಹಿಡಿಯುತ್ತದೆ. ಎಫ್‌ಎಎಸ್ ಕಡೆಯಿಂದಲೂ ಒಂದು ಕುತ್ತಿದೆ. ಅದನ್ನು ಬರೀ ನೀರಿನಲ್ಲಿ ಕರಗಿಸಿ ಮುಂಚಿನ ದಿನವೇ ತುಂಬಿಟ್ಟರೆ ಗಾಳಿಯ ಆಮ್ಲಜನಕ ತಗುಲಿ ಫೆರಸ್ ಕಡಿಮೆಯಾಗುತ್ತಾ ಬರುತ್ತದೆ, ದ್ರಾವಣ ಹಳದಿಗೆ ತಿರುಗಿ ಕದಡುತ್ತದೆ. ಸಲ್ಫ್ಯೂರಿಕ್ ಆಮ್ಲ ಬೆರೆಸಿದ ನೀರಿನಲ್ಲೇ ಕರಗಿಸಬೇಕು, ಅಂದೇ ಬಳಸಬೇಕು. ಮೀಟರ್ ಉಳಿದಿರುವ ಫೆರಸ್ಸನ್ನು ನಿಖರವಾಗಿ ಅಳೆಯುತ್ತದೆ, ಕಳೆದುಹೋದದ್ದರ ಬಗ್ಗೆ ತುಟಿ ಪಿಟಕ್ಕೆನ್ನದು.

ಎಲೆಕ್ಟ್ರೋಡ್‌ಗಳ ಆರೈಕೆಯ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಪ್ರಯೋಗ ಕೆಟ್ಟಾಗ ದೂರು ಮೀಟರಿನ ಮೇಲೆ ಹೋಗುತ್ತದೆ, ಕಾರಣ ಬಹುಪಾಲು ಇಲ್ಲಿರುತ್ತದೆ. ಕ್ಯಾಲಮೆಲ್ ಎಲೆಕ್ಟ್ರೋಡ್‌ನ ಪಕ್ಕದ ರಬ್ಬರ್ ಮುಚ್ಚಳ ತೆಗೆಯದೆ ಬಳಸಿದರೆ ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ಕೆಳಗೆ ಜಿನುಗುವುದಿಲ್ಲ, ರೀಡಿಂಗ್ ಅತ್ತಿತ್ತ ಓಲಾಡುತ್ತದೆ. ಒಳಗಿನ ದ್ರಾವಣದ ಮಟ್ಟ ಬೀಕರಿನ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ಮಾದರಿಯೇ ಎಲೆಕ್ಟ್ರೋಡ್‌ನೊಳಗೆ ನುಗ್ಗುತ್ತದೆ. ಕೈ ಹತ್ತಿರ ತಂದರೂ ಅಂಕಿ ಕುಣಿಯುತ್ತಿದ್ದರೆ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆ ಅಥವಾ ವೈರಿನ ಸಂಪರ್ಕ ಸಡಿಲವಾಗಿದೆ ಎಂದರ್ಥ. ಜಿಗಿತ ಮೊಂಡಾಗಿ, ಇಳಿಜಾರಿನಂತೆ ಬರುತ್ತಿದ್ದರೆ ಪ್ಲಾಟಿನಂ ಮೇಲೆ ಪೊರೆ ಕಟ್ಟಿದೆ. ಬೆಚ್ಚಗಿನ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕೆಲ ನಿಮಿಷ ಅದ್ದಿಟ್ಟು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದರೆ ಸರಿಹೋಗುತ್ತದೆ. ಗಾಜಿನ ಪಿಎಚ್ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿಡುವ ಅಭ್ಯಾಸ ಬಿಡಬೇಕು, ಅದು ಇರಬೇಕಾದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ. ಬ್ಯುರೆಟ್‌ನ ಮೂತಿ ಎಲೆಕ್ಟ್ರೋಡ್‌ಗೆ ಅಂಟಿಕೊಂಡಿದ್ದರೆ ಹನಿ ಬೆರೆಯುವ ಮುನ್ನವೇ ಅದಕ್ಕೆ ತಾಗಿ ಸುಳ್ಳು ಜಿಗಿತ ಬರುತ್ತದೆ. ಸ್ಟಿರರ್ ಜೋರಾಗಿ ತಿರುಗಿ ಸುಳಿ ಎದ್ದರೂ ಇದೇ ಬಗೆಯ ತೊಂದರೆ.

ನೀರಿನ ಕ್ಲೋರೈಡನ್ನು ಸಿಲ್ವರ್ ನೈಟ್ರೇಟ್‌ನಿಂದ ಅಳೆಯುವಾಗ ಇದೇ ಕ್ಯಾಲಮೆಲ್ ಎಲೆಕ್ಟ್ರೋಡನ್ನು ನೇರವಾಗಿ ಮುಳುಗಿಸುವುದಂತೂ ಅಳೆಯಬೇಕಾದದ್ದನ್ನೇ ಬೀಕರಿಗೆ ಸುರಿದಂತೆ. ಅದರಿಂದ ಜಿನುಗುವುದೇ ಕ್ಲೋರೈಡ್. ಜೊತೆಗೆ ಮೂತಿಯಲ್ಲಿ ಸಿಲ್ವರ್ ಕ್ಲೋರೈಡ್ ಕಟ್ಟಿಕೊಂಡು ಸಂಪರ್ಕವೇ ಮುಚ್ಚಿಹೋಗುತ್ತದೆ. ಹೊರಗವಚದಲ್ಲಿ ಪೊಟ್ಯಾಸಿಯಂ ನೈಟ್ರೇಟ್ ತುಂಬಿದ ಡಬಲ್ ಜಂಕ್ಷನ್ ರೆಫರೆನ್ಸ್ ಬೇಕು. ಇದಿಷ್ಟು ಸರಿಯಿದ್ದರೆ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ ಮಾಡುವ ಮೋರ್ ವಿಧಾನಕ್ಕಿಂತ ಇದು ಎಷ್ಟೋ ಮೇಲು. ಅಲ್ಲಿ ಪಿಎಚ್ ತಟಸ್ಥಕ್ಕೆ ಹತ್ತಿರವೇ ಇರಬೇಕು, ನೀರು ತಿಳಿಯಾಗಿರಬೇಕು. ಇಲ್ಲಿ ನೈಟ್ರಿಕ್ ಆಮ್ಲ ಹಾಕಿಯೇ ಟೈಟ್ರೇಟ್ ಮಾಡಬಹುದು. ಅಯೋಡೈಡ್ ಮತ್ತು ಕ್ಲೋರೈಡ್ ಎರಡೂ ಇದ್ದರೆ ಒಂದೇ ಓಟದಲ್ಲಿ ಎರಡು ಜಿಗಿತ ಸಿಗುತ್ತವೆ, ಬಣ್ಣದ ಸೂಚಕದಿಂದ ಇದು ಕನಸಿನ ಮಾತು. ಬ್ರೋಮೈಡ್ ಮತ್ತು ಕ್ಲೋರೈಡ್ ಜೊತೆಗಿದ್ದಾಗ ಮಾತ್ರ ಇಷ್ಟು ಸಲೀಸಲ್ಲ. ಸಿಲ್ವರ್ ಬ್ರೋಮೈಡ್ ಜೊತೆ ಒಂದಿಷ್ಟು ಕ್ಲೋರೈಡೂ ಇಳಿದುಬರುವುದರಿಂದ ಬ್ರೋಮೈಡ್ ಹೆಚ್ಚಾಗಿ, ಕ್ಲೋರೈಡ್ ಕಡಿಮೆಯಾಗಿ ಕಾಣುತ್ತದೆ.

ಎಂಥ ಮೀಟರ್ ತಂದರೂ ದಾಟಲಾಗದ ಗೆರೆಗಳೂ ಇವೆ. ಬೋರಿಕ್ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿದರೆ ಜಿಗಿತವೇ ಕಾಣದು. ಅದರ ಪಿಕೆಎ (ಹೆಚ್ಚಿದಷ್ಟೂ ಆಮ್ಲ ದುರ್ಬಲ) 9.24, ಅಂಥ ದುರ್ಬಲ ಆಮ್ಲ ನೀರಿನಲ್ಲಿ ಚುರುಕಾದ ತಿರುವು ಕೊಡುವುದಿಲ್ಲ. ಮ್ಯಾನಿಟಾಲ್ ಬೆರೆಸಿದರೆ ಅದು ತಕ್ಕಮಟ್ಟಿಗೆ ಗಟ್ಟಿಯಾದ ಆಮ್ಲದಂತೆ ವರ್ತಿಸುತ್ತದೆ. ಆಗ ಮೀಟರಿಗೂ ಜಿಗಿತ ಸಿಗುತ್ತದೆ, ಫಿನಾಫ್ಥಲೀನ್‌ಗೂ ಬಣ್ಣ ಬರುತ್ತದೆ. ಅಂದರೆ ಬಿಕ್ಕಟ್ಟು ಬಿಡಿಸಿದ್ದು ಉಪಕರಣವಲ್ಲ, ರಸಾಯನಶಾಸ್ತ್ರ. ಕೋಲಾ ಪಾನೀಯದ ಫಾಸ್ಫಾರಿಕ್ ಆಮ್ಲವೂ ಹಾಗೆಯೇ. ಮೊದಲು ಕುದಿಸಿ ಇಂಗಾಲದ ಡೈಆಕ್ಸೈಡ್ ಓಡಿಸಿಕೊಂಡರೆ ಪಿಎಚ್ 4.7 ಮತ್ತು 9.7ರ ಆಸುಪಾಸಿನಲ್ಲಿ ಎರಡು ಜಿಗಿತ ಸಿಗುತ್ತವೆ, ಮೂರನೆಯ ಪ್ರೋಟಾನ್ ಕೈಗೆ ಸಿಗುವುದಿಲ್ಲ. ದ್ರಾವಣ ತೆಳುವಾದಷ್ಟೂ ಜಿಗಿತ ಕುಗ್ಗುತ್ತದೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅಂತ್ಯಬಿಂದುವಿನ ಶೇ 0.1 ಆಚೀಚೆ ಪಿಎಚ್ 4.3ರಿಂದ 9.7ಕ್ಕೆ ಹಾರುತ್ತದೆ, 0.001 ಮೋಲಾರ್‌ನಲ್ಲಿ 6.3ರಿಂದ 7.7ಕ್ಕೆ ಮಾತ್ರ. ಹೀಗೆ ಜಿಗಿತ ಮಂಕಾದಾಗ ರಸಾಯನಶಾಸ್ತ್ರಜ್ಞ ಗುನ್ನಾರ್ ಗ್ರಾನ್ 1952ರಲ್ಲಿ ಕೊಟ್ಟ ಉಪಾಯ ನೆರವಿಗೆ ಬರುತ್ತದೆ. ಅಂತ್ಯಬಿಂದುವಿಗೆ ಮುಂಚಿನ ರೀಡಿಂಗ್‌ಗಳನ್ನೇ ಸರಳರೇಖೆಯಾಗಿ ಬದಲಿಸಿ, ಆ ರೇಖೆಯನ್ನು ಸೊನ್ನೆಯವರೆಗೆ ಎಳೆಯುವುದು. ನಮ್ಮ ಪಠ್ಯಗಳಲ್ಲಿ ಇದಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಹಣವಿಲ್ಲದ ಕಾಲೇಜುಗಳಿಗೆ ಒಂದು ಮಾತು. ಪ್ಲಾಟಿನಂ–ಕ್ಯಾಲಮೆಲ್ ಜೋಡಿಗೆ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ 2 ವೋಲ್ಟ್ ರೇಂಜಿನಲ್ಲಿ ಧಾರಾಳವಾಗಿ ಸಾಕು. ಅದರ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್, ಎಲೆಕ್ಟ್ರೋಡ್ ಜೋಡಿಯ ರೋಧ ಅದರ ಮುಂದೆ ಲೆಕ್ಕಕ್ಕಿಲ್ಲ. ಆದರೆ ಗಾಜಿನ ಎಲೆಕ್ಟ್ರೋಡ್‌ಗೆ ಅದೇ ಮಲ್ಟಿಮೀಟರ್ ಜೋಡಿಸಿದರೆ ಕೆಲಸ ಕೆಡುತ್ತದೆ. ಗಾಜಿನ ಪೊರೆಯ ರೋಧ 100 ಮೆಗಾಓಮ್‌ನ ಆಸುಪಾಸು ಇರುವುದರಿಂದ ಮೀಟರಿಗೆ ತಲುಪುವುದು ನಿಜವಾದ ವೋಲ್ಟೇಜಿನ ಹತ್ತರಲ್ಲಿ ಒಂದು ಪಾಲೂ ಅಲ್ಲ. ಅಲ್ಲಿ ಪಿಎಚ್ ಮೀಟರೇ ಬೇಕು. ಇನ್ನು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಸೂಚಕ ಹಾಕಿ ಇಡಿಟಿಎ ಎಂಬ ರಾಸಾಯನಿಕದಿಂದ ನೀರಿನ ಗಡಸುತನ ಅಳೆಯುವಂಥ ಕೆಲಸಗಳಿಗೆ ಮೀಟರ್ ಯಾಕೆ? ತಿಳಿ ನೀರಿನಲ್ಲಿ ವೈನ್ ಕೆಂಪು ನೀಲಿಗೆ ತಿರುಗುವುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ.

ಕೊನೆಯದಾಗಿ, ಟೈಟ್ರೇಶನ್ ಅನ್ನು ತಾವೇ ಮಾಡಿ ಮುಗಿಸುವ ಯಂತ್ರಗಳಾದ ಆಟೋ ಟೈಟ್ರೇಟರ್‌ಗಳ ವಿಚಾರ. ಔಷಧ ಕಂಪನಿಗಳ ಪ್ರಯೋಗಾಲಯಗಳಲ್ಲಿ ಇವಿಲ್ಲದೆ ಕೆಲಸ ಸಾಗದು, ಅದು ಸರಿಯೇ. ನೂರಾರು ಮಾದರಿಗಳನ್ನು ಒಂದೇ ಹದದಲ್ಲಿ ಮಾಡಿ ಮುಗಿಸುತ್ತವೆ, ದಾಖಲೆಯನ್ನೂ ಇಡುತ್ತವೆ. ಆದರೆ ನಾಲ್ಕು ದಶಮಾಂಶ ಸ್ಥಾನದ ಪ್ರಿಂಟ್‌ಔಟ್ ನೋಡಿ ಮರುಳಾಗಬಾರದು. ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಪರ್ಕ್ಲೋರಿಕ್ ಆಮ್ಲ ಬಳಸಿ ಔಷಧದ ಶುದ್ಧತೆ ಅಳೆಯುವ ಟೈಟ್ರೇಶನ್ ತೆಗೆದುಕೊಳ್ಳಿ. ಅಸಿಟಿಕ್ ಆಮ್ಲ ಒಂದು ಡಿಗ್ರಿಗೆ ಸುಮಾರು ಶೇ 0.11ರಷ್ಟು ಹಿಗ್ಗುತ್ತದೆ. ಬೆಳಿಗ್ಗೆ 22 ಡಿಗ್ರಿಯಲ್ಲಿ ಸ್ಟ್ಯಾಂಡರ್ಡೈಸ್ ಮಾಡಿದ (ನಿಖರ ಸಾರತೆ ಗೊತ್ತುಮಾಡಿಕೊಂಡ) ದ್ರಾವಣವನ್ನು ಎಸಿ ಕೈಕೊಟ್ಟ ಮಧ್ಯಾಹ್ನ 27 ಡಿಗ್ರಿಯಲ್ಲಿ ಬಳಸಿದರೆ ಶೇ 0.5ಕ್ಕೂ ಹೆಚ್ಚು ತಪ್ಪು ನುಸುಳುತ್ತದೆ. ಜಿಗಿತ ಮಾತ್ರ ಚೂಪಾಗಿಯೇ ಬಂದಿರುತ್ತದೆ! ಈ ಟೈಟ್ರೇಶನ್‌ಗೆ ರೆಫರೆನ್ಸ್ ಎಲೆಕ್ಟ್ರೋಡ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರಲೇಬಾರದು, ಪೊಟ್ಯಾಸಿಯಂ ಪರ್ಕ್ಲೋರೇಟ್ ಹರಳಾಗಿ ಮೂತಿ ಕಟ್ಟುತ್ತದೆ. ಲಿಥಿಯಂ ಕ್ಲೋರೈಡನ್ನು ಎಥನಾಲ್ ಅಥವಾ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ತುಂಬಬೇಕು. ವರದಿ ಕೇಳುವವರು ಬರೀ ಶೇಕಡಾವಾರು ಅಂಕಿ ಕೇಳದೆ, ಟೈಟ್ರೇಶನ್‌ನ ವಕ್ರರೇಖೆ, ಸ್ಟ್ಯಾಂಡರ್ಡೈಸ್ ಮಾಡಿದ ದಿನಾಂಕ ಮತ್ತು ತಾಪಮಾನ, ಬ್ಲ್ಯಾಂಕ್ ಮೌಲ್ಯ (ಮಾದರಿಯಿಲ್ಲದೆ ಮಾಡಿದ ಟೈಟ್ರೇಶನ್‌ನ ಅಳತೆ) ಇವನ್ನೂ ಕೇಳಿ ಪಡೆಯಬೇಕು. ಗಾಳಿಗುಳ್ಳೆಯೊಂದು ಎಬ್ಬಿಸಿದ ಸುಳ್ಳು ಶಿಖರವನ್ನು ಯಂತ್ರ ಅಂತ್ಯಬಿಂದುವೆಂದು ಹಿಡಿದಿದ್ದರೆ ವಕ್ರರೇಖೆ ನೋಡಿದವರಿಗೆ ತಕ್ಷಣ ತಿಳಿಯುತ್ತದೆ, ಅಂಕಿ ಮಾತ್ರ ನೋಡಿದವರಿಗೆ ಎಂದಿಗೂ ತಿಳಿಯುವುದಿಲ್ಲ.

ಹೊಸ ಉಪಕರಣ ಕೊಳ್ಳುವ ಕಾಲೇಜುಗಳು ಹಳೆಯದನ್ನು ಏನು ಮಾಡುತ್ತವೆ ಎಂಬುದನ್ನೂ ಆಡಳಿತ ಮಂಡಳಿಗಳು ವಿಚಾರಿಸಲಿ. ಕ್ಯಾಲಮೆಲ್ ಎಲೆಕ್ಟ್ರೋಡ್‌ನೊಳಗೆ ಪಾದರಸವಿದೆ, ಅದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಉಳಿದ ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ ಹೆಕ್ಸಾವೇಲೆಂಟ್ ಕ್ರೋಮಿಯಂ, ಸಿಂಕಿಗೆ ಚೆಲ್ಲುವಂತಿಲ್ಲ. ಆಮ್ಲೀಯ ಸ್ಥಿತಿಯಲ್ಲೇ ಹೆಚ್ಚುವರಿ ಎಫ್‌ಎಎಸ್ ಹಾಕಿ ಕಿತ್ತಳೆ ಬಣ್ಣ ಪೂರ್ತಿ ಹಸಿರಾಗುವಂತೆ ಮಾಡಿ, ಸುಣ್ಣದಿಂದ ಪಿಎಚ್ 8–9ಕ್ಕೆ ಏರಿಸಿದರೆ ಕ್ರೋಮಿಯಂ ಹೈಡ್ರಾಕ್ಸೈಡ್ ತಳಕ್ಕೆ ಇಳಿಯುತ್ತದೆ. ಆ ಕೆಸರನ್ನು ಒಣಗಿಸಿ, ಲೇಬಲ್ ಹಚ್ಚಿ, ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಇರುವವರಿಗೆ ಒಪ್ಪಿಸಬೇಕು. ಸಿಲ್ವರ್ ಕ್ಲೋರೈಡನ್ನು ಇದರೊಂದಿಗೆ ಬೆರೆಸದೆ ಕಂದು ಬಾಟಲಿಯಲ್ಲಿ ಬೇರೆಯಾಗಿ ಕೂಡಿಡಬೇಕು, ಅದರಿಂದ ಬೆಳ್ಳಿಯನ್ನು ಮರಳಿ ಪಡೆಯಬಹುದು.

ಇತಿ,
ವಿಶ್ಲೇಷಣಾ ರಸಾಯನಶಾಸ್ತ್ರದ ಇಬ್ಬರು ಬೋಧಕರು
ತುಮಕೂರು